ಇಬ್ಬರ ಕಾವಲು, ಒಂದು ಚೆಂಡು

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋದರೆ ರಾಜ್ಯದ ಗಡಿಯನ್ನು ಎರಡು ಸಲ ದಾಟಬೇಕು. ಆಂಧ್ರದಲ್ಲಿ ಬಸ್ಸು ಹತ್ತುವುದು, ನಡುವೆ ಕರ್ನಾಟಕ ಬಂದು ಹೋಗುವುದು, ಮತ್ತೆ ಆಂಧ್ರದಲ್ಲೇ ಇಳಿಯುವುದು! ಪಾವಗಡ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರವೇ ಇರುವುದರಿಂದ ಹೀಗೆ. ನಮ್ಮ ಮಕ್ಕಳಿಗೆ ಇದೂ ಒಂದು ಆಟ. ಅಂಗಡಿ ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ ತಿರುಗಿದ ಕೂಡಲೇ ಬಸ್ಸಿನಲ್ಲಿ ಎಲ್ಲರೂ ಒಟ್ಟಿಗೆ ಜೋರಾಗಿ ಓದಲು ಶುರು ಮಾಡುತ್ತಾರೆ. ಮತ್ತೆ ತೆಲುಗು ಬಂದಾಗ ಸುಮ್ಮನಾಗುತ್ತಾರೆ. ಓದಲು ಬರುವುದಿಲ್ಲ ಅಂತಲ್ಲ, ಅದು ದಿನಾ ನೋಡುವ ಬೋರ್ಡು, ಅಷ್ಟೇ.

2023ರ ನವೆಂಬರಿನಲ್ಲಿ ಹೀಗೆ ಬೋರ್ಡು ಓದಿಕೊಂಡು ನಾವು ಕಲ್ಯಾಣದುರ್ಗಕ್ಕೆ ಹೋಗಿದ್ದು ಫುಟ್‌ಬಾಲ್ ಆಡಲು. ನಾವು ಅಂದರೆ ಗಡಿಯಾಚೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನ ಇಬ್ಬರು ಮೇಷ್ಟ್ರುಗಳು, ಹದಿಮೂರು ಹೆಣ್ಣುಮಕ್ಕಳು, ಮತ್ತು ಒಬ್ಬ ತಂದೆ. ಎಂಟರಿಂದ ಹತ್ತನೇ ತರಗತಿಯವರೆಗೆ ನಮ್ಮಲ್ಲಿ ಇದ್ದ ಹೆಣ್ಣುಮಕ್ಕಳೇ ಮೂವತ್ತೊಂದು ಜನ. ಅದರಲ್ಲಿ ಹನ್ನೊಂದು ಜನರ ತಂಡ ಕಟ್ಟಿ, ಮೇಲೆ ಇಬ್ಬರನ್ನು ಇಟ್ಟುಕೊಳ್ಳುವುದು ಎಂದರೆ ಏನು ಅಂತ ಬೇರೆ ಕನ್ನಡ ಶಾಲೆಗಳವರಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಒಬ್ಬರು ಗಣಿತದವರು, ಇನ್ನೊಬ್ಬರು ಕನ್ನಡದವರು. ಫುಟ್‌ಬಾಲನ್ನು ನಾವಿಬ್ಬರೂ ಆಡಿದ್ದಕ್ಕಿಂತ ಟಿ.ವಿ.ಯಲ್ಲಿ ನೋಡಿದ್ದೇ ಹೆಚ್ಚು.

ಆ ತಂದೆ ನಮ್ಮ ಒಂಬತ್ತನೇ ನಂಬರಿನ ಹುಡುಗಿಯ ಅಪ್ಪ. ಹೆಸರು ಬೇಡ, ಇಲ್ಲಿ ಎಲ್ಲರಿಗೂ ನಂಬರೇ ಇರಲಿ. ಎರಡೆಕರೆ ಕಡಲೆಕಾಯಿ ಹೊಲ, ಉಳಿದ ದಿನ ಕೂಲಿ. ಹತ್ತನೇ ಕ್ಲಾಸಿನ ಮಗಳು ದಿನಾ ಸಂಜೆ ಮೈದಾನದಲ್ಲಿ ಏನು ಮಾಡುತ್ತಾಳೆ ಎಂದು ಒಂದು ಸಲ ಕಣ್ಣಾರೆ ನೋಡಿ ಆಮೇಲೆ ತೀರ್ಮಾನ ಮಾಡುತ್ತೇನೆ ಎಂದು ಒಂದು ದಿನದ ಕೂಲಿ ಬಿಟ್ಟು ನಮ್ಮ ಜೊತೆ ಬಂದಿದ್ದರು. ಹುಡುಗಿ ನಮ್ಮ ತಂಡದ ಜೀವ. ಓಟ, ಒದೆತ, ಧೈರ್ಯ ಎಲ್ಲ ಇತ್ತು. ಹಿಂದಿನ ನಾಲ್ಕು ಆಟಗಳಲ್ಲಿ ನಮ್ಮ ಏಳು ಗೋಲಿನಲ್ಲಿ ಆರು ಅವಳವೇ.

ಕಲ್ಯಾಣದುರ್ಗದವರಿಗೆ ಈ ಲೆಕ್ಕ ಮೊದಲೇ ಗೊತ್ತಾಗಿತ್ತು ಅಂತ ಕಾಣುತ್ತದೆ. ಆಟ ಶುರುವಾದ ಕೂಡಲೇ ಇಬ್ಬರು ಹುಡುಗಿಯರು ಬಂದು ನಮ್ಮ ಒಂಬತ್ತನೇ ನಂಬರಿಗೆ ಅಂಟಿಕೊಂಡರು. ಒಬ್ಬಳು ಮುಂದೆ, ಚೆಂಡು ಬರುವ ದಾರಿಯಲ್ಲಿ. ಇನ್ನೊಬ್ಬಳು ಹಿಂದೆ, ಅವಳ ಬೆನ್ನಿಗೆ ಒಂದು ಮೊಳದ ದೂರದಲ್ಲಿ. ಇವಳು ಎಡಕ್ಕೆ ಹೋದರೆ ಅವರೂ ಎಡಕ್ಕೆ. ಇವಳು ನಿಂತರೆ ಅವರೂ ನಿಂತರು. ನಾವು ಗೆರೆಯಾಚೆ ನಿಂತು ಮಾಡಿದ ಕೆಲಸ ಒಂದೇ. "ಓಡಮ್ಮಾ! ಓಡೇ! ಇನ್ನೂ ಜೋರಾಗಿ ಓಡು!"

ಅವಳು ಓಡಿದಳು. ಪಾಪ, ಎಪ್ಪತ್ತು ನಿಮಿಷವೂ ಓಡಿದಳು.

ನಮ್ಮ ಹತ್ತಿರ ಒಂದು ಗುಟ್ಟಿನ ಆಯುಧವೂ ಇತ್ತು, ಅದನ್ನೂ ಹೇಳಿಬಿಡೋಣ, ನಗಬೇಡಿ. ಎದುರಿನವರು ತೆಲುಗು ಮಾಧ್ಯಮದ ಮಕ್ಕಳು. ನಮ್ಮವರು ಮೈದಾನದಲ್ಲಿ ಕನ್ನಡದಲ್ಲೇ ಕೂಗಿಕೊಂಡರೆ ಅವರಿಗೆ ತಿಳಿಯುವುದಿಲ್ಲ ಅಂತ ನಾವು ಉಪಾಯ ಮಾಡಿದ್ದೆವು. "ಹಿಂದುಗಡೆಯಿಂದ ಕೊಡು", "ಗೆರೆ ಪಕ್ಕ ಬಿಡು" ಅಂತ ನಮ್ಮವರು ಕೂಗಿದ್ದೇ ಕೂಗಿದ್ದು. ಪ್ರತಿ ಸಲವೂ ಚೆಂಡು ಬರುವ ಮೊದಲೇ ಆ ಇಬ್ಬರು ಅಲ್ಲಿ ಹಾಜರ್! ಅರ್ಧ ಆಟ ಮುಗಿದಾಗ ಅವರ ಬ್ಯಾಕ್ ಹುಡುಗಿ ನೀರು ಕುಡಿಯುತ್ತ ನಮ್ಮ ಕನ್ನಡ ಮೇಷ್ಟ್ರ ಹತ್ತಿರ ಬಂದು, "ಸಾ, ನಮ್ಮಮ್ಮಂದು ಪಾವಗಡದ ಕಡೆ ಊರು, ಮನೇಲಿ ನಾವು ಕನ್ನಡಾನೇ ಮಾತಾಡೋದು" ಅಂತ ನಕ್ಕಳು. ಹೆಣ್ಣು ಕೊಟ್ಟು ತಂದುಕೊಂಡ ಊರುಗಳು ಇವು. ನಮಗೆ ಹೊಳೆಯಬೇಕಿತ್ತು.

ಮೂರು ಸೊನ್ನೆಯಲ್ಲಿ ಸೋತೆವು. ಬದಿಯಲ್ಲಿ ಕೂತಿದ್ದ ಹದಿಮೂರನೇ ನಂಬರಿನ ಹುಡುಗಿ, ನಾವು ಯಾರೂ ಹೇಳದಿದ್ದರೂ, ಒಂಬತ್ತನೇ ನಂಬರು ಎಷ್ಟು ಸಲ ಚೆಂಡು ಮುಟ್ಟಿದಳು ಅಂತ ನೆಲದ ಮೇಲೆ ಗೀಟು ಎಳೆದು ಎಣಿಸಿದ್ದಳು. ಏಳು ಗೀಟು. ಅದರಲ್ಲಿ ಎರಡು ಆಟ ಮತ್ತೆ ಶುರು ಮಾಡಲು ನಡುವಿನಿಂದ ಒದ್ದಿದ್ದು.

ಹಿಂದಿರುಗುವಾಗ ಬಸ್ಸಿನಲ್ಲಿ ಅಪ್ಪ ಕೇಳಿದರು. ಕೋಪದಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. "ಅಲ್ಲಾ ಸಾಮಿ, ನಮ್ಮ ಹುಡುಗಿ ಚೆಂಡೇ ಮುಟ್ಟಲಿಲ್ಲವಲ್ಲ. ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪಾವಗಡ ದಾಟಿದಾಗ ಬೋರ್ಡು ಓದುವವರು ಯಾರೂ ಇರಲಿಲ್ಲ. ಇಳಿಯುವಾಗ ಅವರು ಇನ್ನೊಂದು ಮಾತು ಹೇಳಿದರು. ಫೆಬ್ರವರಿಯಲ್ಲಿ ಕಲ್ಯಾಣದುರ್ಗದವರು ಹಿಂದೂಪುರಕ್ಕೆ ಬರುತ್ತಾರಲ್ಲ, ಅದೊಂದು ಆಡಲಿ, ಆಮೇಲೆ ಪರೀಕ್ಷೆ, ಸಾಕು.

ಇಲ್ಲಿಂದ ಮುಂದಿನದು ನಾವು ಕಲಿತ ಪಾಠ. ಮೊದಲ ಒಂದು ತಿಂಗಳು ನಾವು ಮಾಡಿದ್ದು ಪೂರ್ತಿ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ಇಬ್ಬರಿಂದ ತಪ್ಪಿಸಿಕೊಳ್ಳಬೇಕಾದರೆ ಇನ್ನೂ ಜೋರಾಗಿ ಓಡಬೇಕು ಅಂತ ನಾವು ನಂಬಿದ್ದೆವು. ದಿನಾ ಸಂಜೆ ಅವಳನ್ನು ಹುಣಿಸೆ ಮರದಿಂದ ಕಾಂಪೌಂಡಿನವರೆಗೆ ಓಡಿಸಿದ್ದೇ ಓಡಿಸಿದ್ದು. ವೇಗ ಸ್ವಲ್ಪ ಹೆಚ್ಚಿತು ನಿಜ. ಆದರೆ ನಮ್ಮದೇ ಇಬ್ಬರು ಹುಡುಗಿಯರನ್ನು ಕಾವಲು ನಿಲ್ಲಿಸಿ ನೋಡಿದರೆ ಮತ್ತೆ ಅದೇ ಕತೆ. ಅವಳು ಓಡುವ ದಾರಿ ಅವಳಿಗೆ ಎಷ್ಟು ಗೊತ್ತೋ ಕಾಯುವವರಿಗೂ ಅಷ್ಟೇ ಗೊತ್ತು. ಎಲ್ಲಿಗೆ ಓಡುತ್ತಾಳೆ ಅಂತ ಮೊದಲೇ ತಿಳಿದ ಮೇಲೆ ಎಷ್ಟು ಜೋರಾಗಿ ಓಡಿದರೇನು?

ಬಾಗಿಲು ತೆರೆದದ್ದು ಒಂದು ಹುಲಿ ಕುರಿ ಆಟದಿಂದ. ಡಿಸೆಂಬರಿನ ಒಂದು ಭಾನುವಾರ ಅದೇ ಹುಡುಗಿಯ ಅಪ್ಪನನ್ನು ಮಾತಾಡಿಸಲು ನಾವು ಅವರ ಊರಿಗೆ ಹೋಗಿದ್ದೆವು. ಅವರು ಅರಳಿಕಟ್ಟೆಯ ಮೇಲೆ ಕೂತು ಇನ್ನೊಬ್ಬ ಹಿರಿಯರ ಜೊತೆ ಹುಲಿ ಕುರಿ ಆಡುತ್ತಿದ್ದರು. ತೆಲುಗಿನವರು ಪುಲಿ ಮೇಕ ಎನ್ನುತ್ತಾರಲ್ಲ, ಅದೇ. ಬಂಡೆಯ ಮೇಲೆ ಗೀಚಿದ ಮನೆಗಳು, ಹುಲಿಗೆ ದೊಡ್ಡ ಕಲ್ಲು, ಕುರಿಗೆ ಹುಣಿಸೆ ಬೀಜ. ಆಟದ ನಿಯಮ ನಿಮಗೆ ಗೊತ್ತೇ ಇದೆ. ಒಂದು ಕುರಿಯ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಅದರ ಮೇಲೆ ಹಾರಿ ಕುರಿಯನ್ನು ತಿನ್ನುತ್ತದೆ. ಒಂದರ ಹಿಂದೆ ಇನ್ನೊಂದು ಕುರಿ ಕೂತಿದ್ದರೆ ಹಾರುವಂತಿಲ್ಲ. ಅವರು ಹುಲಿ ಹಿಡಿದಿದ್ದರು. ಎದುರಿಗೆ ಎರಡು ಕುರಿ ಒಂದರ ಹಿಂದೆ ಒಂದು. ಹುಲಿಯನ್ನು ಆ ಗೆರೆಯಲ್ಲೇ ಒಂದಿಷ್ಟೂ ಒತ್ತಲಿಲ್ಲ ಅವರು. ಪಕ್ಕದ ಮನೆಗೆ ಸುಮ್ಮನೆ ಒಂದು ಹೆಜ್ಜೆ ಸರಿಸಿದರು. ಅಷ್ಟಕ್ಕೆ, ಸಾಲಾಗಿದ್ದ ಎರಡು ಕುರಿ ಬೇರೆ ಬೇರೆ ಗೆರೆಯ ಒಂಟಿ ಕುರಿಗಳಾದವು.

ನಮ್ಮ ಗಣಿತ ಮೇಷ್ಟ್ರು ಬಂದ ಕೆಲಸ ಮರೆತು ಅಲ್ಲೇ ಕೂತರು. ಮುಂದೊಬ್ಬಳು ಹಿಂದೊಬ್ಬಳು ಎಂದರೆ ಇದೇ ಅಲ್ಲವೇ? ಇಬ್ಬರ ಕಾವಲಿಗೆ ಬಲ ಬರುವುದು ಇಬ್ಬರೂ, ನಮ್ಮ ಹುಡುಗಿಯೂ, ಚೆಂಡೂ ಒಂದೇ ಗೆರೆಯಲ್ಲಿ ಇದ್ದಾಗ. ನೇರ ಓಡಿದಷ್ಟೂ ಆ ಗೆರೆ ಗಟ್ಟಿಯಾಗುತ್ತದೆ. ಅಡ್ಡ ಎರಡು ಹೆಜ್ಜೆ ಇಟ್ಟರೆ ಗೆರೆ ಮುರಿಯುತ್ತದೆ. ಆಗ ಮುಂದಿನವಳು ತಿರುಗಿ ನೋಡಬೇಕು, ಇಲ್ಲವೇ ಹಿಂದಿನವಳು ಜಾಗ ಬದಲಿಸಬೇಕು. ಇಬ್ಬರೂ ಒಟ್ಟಿಗೆ, ಒಂದೇ ಕ್ಷಣಕ್ಕೆ ಸರಿಯಾಗಿ ಹಾಗೆ ಮಾಡುವುದು ಕಷ್ಟ.

ಸೋಮವಾರ ಮಕ್ಕಳಿಗೆ ಇದನ್ನು ಹೇಳಿದಾಗ ಅವರು, ಇದೇನು ಹೊಸದು ಎಂಬಂತೆ ನೋಡಿದರು. ಕಬಡ್ಡಿಯಲ್ಲಿ ಇದೇ ತಾನೇ ಸಾ, ಅಂದಳು ಹದಿನಾಲ್ಕನೇ ನಂಬರಿನ ಹುಡುಗಿ. (ಹದಿಮೂರು ಜನರಲ್ಲಿ ಹದಿನಾಲ್ಕನೇ ನಂಬರು ಹೇಗೆ ಬಂತು ಅಂತ ಕೇಳಬೇಡಿ, ಜರ್ಸಿ ಯಾರೋ ಪುಣ್ಯಾತ್ಮರು ಕೊಟ್ಟಿದ್ದು, ಹತ್ತನೇ ನಂಬರಿನದು ಅದರಲ್ಲಿ ಇರಲಿಲ್ಲ.) ಕಬಡ್ಡಿಯಲ್ಲಿ ಇಬ್ಬರು ಕೈ ಕೈ ಹಿಡಿದು ಚೈನು ಮಾಡುತ್ತಾರೆ. ಒಂಟಿಯಾಗಿ ನಿಂತವಳಿಗಿಂತ ಚೈನಿನವರು ಬಲಶಾಲಿಗಳು, ನಿಜ. ಆದರೆ ಕೈ ಹಿಡಿದ ಮೇಲೆ ಇಬ್ಬರೂ ಒಂದೇ ಕಡೆಗೆ ಹೋಗಬೇಕು. ಒಬ್ಬಳು ಮುಂದೆ ಹೆಜ್ಜೆ ಇಡುವಾಗ ಇನ್ನೊಬ್ಬಳು ಹಿಂದಕ್ಕೆ ವಾಲಿದರೆ ಕೈಯೇ ಅವರಿಗೆ ಕಟ್ಟು. ರೈಡಿಗೆ ಹೋದವಳು ಮಾಡಬೇಕಾದದ್ದು ಅದನ್ನೇ, ಒಬ್ಬಳಿಗೆ ಆಸೆ ಹುಟ್ಟಿಸಬೇಕು, ಇನ್ನೊಬ್ಬಳಿಗೆ ಭಯ. ಪುಟ್ಟ ಹುಡುಗಿ ಇಷ್ಟು ಚೆನ್ನಾಗಿ ಹೇಳಿದ ಮೇಲೆ ನಮಗೆ ನಾಚಿಕೆಯಾಯಿತು. ಒಂದು ತಿಂಗಳು ಹುಣಿಸೆ ಮರಕ್ಕೆ ಓಡಿಸುವ ಬದಲು ಮೊದಲೇ ಇವರನ್ನು ಕೇಳಬಹುದಿತ್ತು.

ಅದೇ ವಾರ ಅಮೆರಿಕದ ಟೆಕ್ಸಸ್ಸಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ವಾಟ್ಸಾಪಿನಲ್ಲಿ ಮಾತಾಡಿದ. ನಮ್ಮ ಶಾಲೆಯ ಮರದ ಕೆಳಗೆ ಕೂತು ಕನ್ನಡದಲ್ಲಿ ವಿಜ್ಞಾನ ಓದಿದವನು. ಈ ಕಷ್ಟ ಹೇಳಿದರೆ ಅವನು ಜೋರಾಗಿ ನಕ್ಕು, ಸಾರ್, ಇಲ್ಲಿ ಇದೇ ಒಂದು ದೊಡ್ಡ ವಿದ್ಯೆ ಅಂದ. ಅಲ್ಲಿನವರು ಫುಟ್‌ಬಾಲ್ ಅನ್ನುವುದು ಬೇರೆ ಆಟ, ಚೆಂಡು ತೆಂಗಿನಕಾಯಿಯಂತೆ ಎರಡೂ ಕಡೆ ಚೂಪು, ಕೈಯಲ್ಲಿ ಎಸೆಯುತ್ತಾರೆ. 1906ರಲ್ಲಿ ಮುಂದಕ್ಕೆ ಎಸೆಯಲು ನಿಯಮ ಒಪ್ಪಿಗೆ ಕೊಟ್ಟ ಮೇಲೆ ಹಿಡಿಯುವವರು, ಅಂದರೆ ರಿಸೀವರುಗಳು, ಹುಟ್ಟಿಕೊಂಡರು. ಒಳ್ಳೆಯ ರಿಸೀವರ್ ಇದ್ದರೆ ಎದುರಾಳಿಗಳು ಅವನಿಗೆ ಇಬ್ಬರನ್ನು ಹಚ್ಚುತ್ತಾರೆ. ಒಬ್ಬ ಹತ್ತಿರ, ಇನ್ನೊಬ್ಬ ಆಳದಲ್ಲಿ. ಅವನು ವೀಡಿಯೊ ಕಳಿಸಿದ, ನಾವು ಸ್ಟಾಫ್ ರೂಮಿನಲ್ಲಿ ಹದಿಮೂರು ತಲೆ ಒಂದು ಫೋನಿಗೆ ಒತ್ತಿಕೊಂಡು ನೋಡಿದೆವು.

ಅಲ್ಲಿ ನೋಡಿದ್ದು ಹೀಗೆ. ರಿಸೀವರ್ ಹತ್ತಿರದವನನ್ನು ದಾಟಿ ಸೀದಾ ಆಳದಲ್ಲಿರುವವನ ಕಾಲ ಬುಡಕ್ಕೇ ಓಡುತ್ತಾನೆ. ಅವನಿಗೆ ಭಯ, ತನ್ನನ್ನೂ ದಾಟಿ ಹೋಗುತ್ತಾನೆ ಅಂತ. ಅವನು ಹಿಂದೆ ಹಿಂದೆ ಸರಿಯುತ್ತಾನೆ. ಆಗ ಇವನು ಗಕ್ಕನೆ ನಿಂತು ಎರಡು ಹೆಜ್ಜೆ ವಾಪಸ್ಸು ಬರುತ್ತಾನೆ. ಹತ್ತಿರದವನ ತಲೆಯ ಮೇಲೆ, ಆಳದವನ ಕೈಗೆ ಎಟುಕದ ಹಾಗೆ, ಇಬ್ಬರ ನಡುವೆ ಒಂದು ಚಾಪೆಯಷ್ಟು ಜಾಗ. ಎಸೆಯುವವನು ಇವನು ತಿರುಗುವ ಮೊದಲೇ ಚೆಂಡನ್ನು ಆ ಚಾಪೆಗೆ ಬಿಟ್ಟಿರುತ್ತಾನೆ. ಇವನು ಬಂದ ಮೇಲೆ ಎಸೆದರೆ ತಡವಾಯಿತು. ನಮ್ಮ ಆಟಕ್ಕೂ ಅವರ ಆಟಕ್ಕೂ ದೊಡ್ಡ ವ್ಯತ್ಯಾಸ ಒಂದಿದೆ. ಚೆಂಡು ಆಟಕ್ಕೆ ಬಂದ ಮೇಲೆ ಅಲ್ಲಿ ರಿಸೀವರ್ ಎಷ್ಟು ಮುಂದಕ್ಕಾದರೂ ಓಡಿ ನಿಲ್ಲಬಹುದು. ನಮ್ಮಲ್ಲಿ ಆಫ್‌ಸೈಡ್ ಅಡ್ಡ ಬರುತ್ತದೆ.

ಆ ಆಟದ ಜೆರ್ರಿ ರೈಸ್ ಎಂಬಾತನ ಕತೆಯನ್ನೂ ಅವನೇ ಹೇಳಿದ. 1985ರಿಂದ 2004ರವರೆಗೆ ಆಡಿ 1,549 ಸಲ ಚೆಂಡು ಹಿಡಿದವನು. ಮಿಸಿಸಿಪ್ಪಿಯ ಹಳ್ಳಿಯ ಗಾರೆ ಕೆಲಸದವನ ಮಗ. ಹುಡುಗನಾಗಿದ್ದಾಗ ಅಪ್ಪನ ಜೊತೆ ಕೆಲಸಕ್ಕೆ ಹೋಗಿ, ಅಣ್ಣತಮ್ಮಂದಿರು ಎಸೆದ ಇಟ್ಟಿಗೆ ಹಿಡಿದು ಹಿಡಿದು ಕೈ ಪಳಗಿತು ಅಂತ ಅವನೇ ಹೇಳಿಕೊಂಡಿದ್ದಾನೆ. ಇದನ್ನು ಕೇಳಿ ನಮ್ಮ ಗೋಲ್‌ಕೀಪರ್ ಹುಡುಗಿ, "ನಾವೂ ಬೇಸಿಗೆ ರಜದಲ್ಲಿ ಇಟ್ಟಿಗೆ ಹಿಡಿದಿದ್ದೀವಿ ಸಾ, ನಮಗ್ಯಾಕೆ ಬರಲಿಲ್ಲ?" ಅಂದಳು. ಅದಕ್ಕೂ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಜನವರಿಯಲ್ಲಿ ಮಕ್ಕಳನ್ನು ಅನಂತಪುರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಆರ್‌ಡಿಟಿಯವರ ಕ್ರೀಡಾಗ್ರಾಮ ಇದೆ. ಸ್ಪೇನಿನಿಂದ ಬಂದ ವಿಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಶುರು ಮಾಡಿದ ಸಂಸ್ಥೆ ಅದು. ಕಲ್ಯಾಣದುರ್ಗದಲ್ಲಿ ಅವರ ಆಸ್ಪತ್ರೆಯೂ ಇರುವುದರಿಂದ ನಮ್ಮ ಕಡೆ ಆ ಹೆಸರು ಗೊತ್ತಿಲ್ಲದವರಿಲ್ಲ. ಮಳೆ ಕಾಣದ ಈ ಜಿಲ್ಲೆಯಲ್ಲಿ ಅಷ್ಟು ಹಸಿರು ಹುಲ್ಲು ಒಂದೇ ಕಡೆ ನೋಡಿ ಮಕ್ಕಳು ಮೊದಲು ಚಪ್ಪಲಿ ಬಿಟ್ಟು ಅದರ ಮೇಲೆ ನಡೆದರು. ಅಲ್ಲಿ ಹೆಣ್ಣುಮಕ್ಕಳು ಅಭ್ಯಾಸ ಮಾಡುತ್ತಿದ್ದರು. ನಾವು ಬೇಲಿಯ ಹತ್ತಿರ ಒಂದೂವರೆ ಗಂಟೆ ನಿಂತು ನೋಡಿದೆವು. ನೋಡಿದ್ದರಲ್ಲಿ ನಮಗೆ ಎದ್ದು ಕಂಡಿದ್ದು ಅವರ ಕಾಲಲ್ಲ, ಕುತ್ತಿಗೆ. ಚೆಂಡು ತಮ್ಮ ಕಡೆ ಬರುವ ಮೊದಲೇ ಅವರು ಭುಜದ ಮೇಲಿಂದ ಹಿಂದೆ ಒಂದು ಸಲ, ಮತ್ತೊಂದು ಸಲ ನೋಡಿಕೊಳ್ಳುತ್ತಿದ್ದರು, ಕೋಳಿ ಕಾಳು ಹೆಕ್ಕುವ ಮೊದಲು ನೋಡುತ್ತದಲ್ಲ ಹಾಗೆ. ನಮ್ಮ ಒಂಬತ್ತನೇ ನಂಬರು ಚೆಂಡನ್ನು ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ. ತನ್ನ ಹಿಂದಿರುವವಳು ಎಲ್ಲಿದ್ದಾಳೆ ಅಂತ ಅವಳಿಗೆ ತಿಳಿಯುತ್ತಿದ್ದದ್ದು ಬೆನ್ನಿಗೆ ಮೊಣಕೈ ತಗುಲಿದಾಗ.

ಕಾಯುವವಳ ಕಷ್ಟವೂ ಕುತ್ತಿಗೆಯದೇ. ಅವಳು ಚೆಂಡನ್ನೂ ನೋಡಬೇಕು, ತಾನು ಕಾಯುವವಳನ್ನೂ ನೋಡಬೇಕು. ಅವಳ ಬೆನ್ನ ಹಿಂದೆ, ಭುಜದ ಅಂಚಿನಲ್ಲಿ ಹೋಗಿ ನಿಂತರೆ ಎರಡೂ ಒಟ್ಟಿಗೆ ಕಾಣುವುದಿಲ್ಲ. ಅವಳು ಚೆಂಡಿನ ಕಡೆ ತಲೆ ತಿರುಗಿಸಿದ ಆ ಅರೆಕ್ಷಣವೇ ಹೊರಡುವ ಮುಹೂರ್ತ. ಸುನಿಲ್ ಚೆಟ್ರಿ ಎತ್ತರದ ಆಳಲ್ಲ, ಆದರೂ ತಲೆಯಿಂದ ಎಷ್ಟೋ ಗೋಲು ಹೊಡೆದಿದ್ದಾರೆ. ಬೆಂಗಳೂರು ಎಫ್‌ಸಿಯ ಆಟ ನೋಡುವ ಮಕ್ಕಳಿಗೆ ಅದನ್ನೇ ತೋರಿಸಿದೆವು, ಹಾರುವುದನ್ನು ಬಿಟ್ಟು ಹಾರುವ ಮೊದಲಿನ ಎರಡು ಹೆಜ್ಜೆಯನ್ನು ನೋಡಿ ಅಂತ. ಮೊದಲು ಕಾವಲಿನವನ ಹಿಂದಕ್ಕೆ ಹೋದಂತೆ ಮಾಡಿ, ಆಮೇಲೆ ಅವನ ಮುಂದೆ ನುಸುಳುವುದು. ನಮ್ಮ ಮಕ್ಕಳು ಇದಕ್ಕೆ "ಹೋದಂಗೆ ಮಾಡಿ ಬಾ" ಅಂತ ಹೆಸರಿಟ್ಟರು. ಅದಕ್ಕೆ ಎದುರಿನದು "ಬಂದಂಗೆ ಮಾಡಿ ಹೋಗು". ಎರಡಕ್ಕೂ ನಿಧಾನ, ನಿಧಾನ, ಆಮೇಲೆ ಒಮ್ಮೆಲೇ ಜೋರು. ಎಲ್ಲವನ್ನೂ ಜೋರಾಗಿಯೇ ಮಾಡಿದರೆ ಜೋರಿಗೆ ಬೆಲೆ ಇಲ್ಲ.

ಇನ್ನು ಇಬ್ಬರೂ ಅಕ್ಕಪಕ್ಕ ನಿಂತರೆ? ಆಗ ನಡುವಿನ ಸಂದಿಗೇ ಹೋಗಬೇಕು. ಇಬ್ಬರೂ ಕಾಯುತ್ತಿರುವ ಹಾಲು ಉಕ್ಕುವುದು ನಮ್ಮ ಮನೆಗಳಲ್ಲಿ ನೋಡಿದ್ದೇವಲ್ಲ. ನೀನು ನೋಡುತ್ತೀಯ ಅಂತ ಅವಳು, ನೀನು ನೋಡುತ್ತೀಯ ಅಂತ ಇವಳು. ಸರಿಯಾಗಿ ನಡುವೆ ಓಡಿದರೆ ಯಾರ ಪಾಲು ಅಂತ ಅವರು ತೀರ್ಮಾನ ಮಾಡುವಷ್ಟರಲ್ಲಿ ಒಂದು ಹೆಜ್ಜೆ ಸಿಗುತ್ತದೆ. ಫುಟ್‌ಬಾಲಿನಲ್ಲಿ ಒಂದು ಹೆಜ್ಜೆ ಎಂದರೆ ಬಹಳ.

ಕೂಗುವುದನ್ನು ಪೂರ್ತಿ ನಿಲ್ಲಿಸಿದೆವು. ಕನ್ನಡ, ತೆಲುಗು ಎರಡೂ ಬೇಡ. ಚೆಂಡು ಕಾಲಿಗೆ ಬೇಕಾದರೆ ಅಂಗೈ ಕೆಳಗೆ, ಮುಂದಕ್ಕೆ ಬೇಕಾದರೆ ಸೊಂಟದ ಹತ್ತಿರ ಒಂದು ಬೆರಳು. ಚಪ್ಪಲಿಗಳನ್ನು ಎದುರಾಳಿಗಳಂತೆ ಸಾಲಾಗಿ ಇಟ್ಟು ಆರು ವಾರ ಇದೇ ಕೆಲಸ.

ಇಷ್ಟೆಲ್ಲ ಆಯಿತು. ಆದರೂ ಹತ್ತು ಸಲ ಪ್ರಯತ್ನಿಸಿದರೆ ಅವಳು ತಪ್ಪಿಸಿಕೊಳ್ಳುತ್ತಿದ್ದದ್ದು ಮೂರು ಸಲ. ಇಬ್ಬರು ಇಬ್ಬರೇ. ಆಗ ಗಣಿತ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಒಂದು ವ್ಯವಕಲನ ಬರೆದರು. ಗೋಲ್‌ಕೀಪರ್ ಬಿಟ್ಟರೆ ಅವರು ಹತ್ತು, ನಾವು ಹತ್ತು. ನಮ್ಮ ಒಬ್ಬಳಿಗೆ ಅವರು ಇಬ್ಬರನ್ನು ಕೊಟ್ಟರು. ಉಳಿದದ್ದು ನಾವು ಒಂಬತ್ತು, ಅವರು ಎಂಟು. ಯಾರೋ ಒಬ್ಬಳನ್ನು ಕಾಯುವವರೇ ಇಲ್ಲ. ಕಲ್ಯಾಣದುರ್ಗದಲ್ಲಿ ಎಪ್ಪತ್ತು ನಿಮಿಷವೂ ನಮ್ಮ ಒಬ್ಬಳು ಹುಡುಗಿ ಮೈದಾನದಲ್ಲಿ ಒಂಟಿಯಾಗಿ ನಿಂತಿದ್ದಳು, ಅವಳು ಯಾರು ಅಂತ ನಾವು ಒಂದು ಸಲವೂ ನೋಡಿರಲಿಲ್ಲ! ನೆನಪು ಮಾಡಿಕೊಂಡರೆ ಅದು ಹದಿನಾಲ್ಕನೇ ನಂಬರು. ಎಂಟನೇ ಕ್ಲಾಸಿನ ಚೋಟುದ್ದದ ಹುಡುಗಿ, ಅವಳಿಗೆ ಯಾರೂ ಚೆಂಡು ಕೊಡುವುದೇ ಇಲ್ಲ.

ಹಾಗಾದರೆ ಒಂಬತ್ತನೇ ನಂಬರು ಮಾಡಬೇಕಾದ ಕೆಲಸ ಬೇರೆಯೇ ಆಯಿತು. ಇಬ್ಬರಿಂದ ತಪ್ಪಿಸಿಕೊಳ್ಳುವ ಬದಲು ಇಬ್ಬರನ್ನೂ ಕರೆದುಕೊಂಡು ದೂರ ಹೋಗುವುದು. ಇದನ್ನು ಹೇಳಿದ ದಿನ ಅವಳು ಅತ್ತಳು. "ಅಪ್ಪ ಮತ್ತೆ ನೋಡಾಕೆ ಬರ್ತಾರೆ ಸಾ. ಈ ಸಲಾನೂ ನಾನು ಚೆಂಡು ಮುಟ್ಟಬಾರದಾ?" ಎಂದಳು. ನ್ಯಾಯವಾದ ಮಾತು. ನಾವು ಅವಳಿಗೆ 1986ರ ವಿಶ್ವಕಪ್ ಫೈನಲ್ ತೋರಿಸಿದೆವು. ಅದಕ್ಕೂ ನಾಲ್ಕು ವರ್ಷ ಹಿಂದೆ ಇಟಲಿಯ ಜೆಂಟಿಲೆ ಒಂದೇ ಆಟದಲ್ಲಿ ಮರಡೋನನ ಮೇಲೆ ಮತ್ತೆ ಮತ್ತೆ ಫೌಲ್ ಮಾಡಿ ಕಟ್ಟಿಹಾಕಿದ್ದ. 86ರಲ್ಲಿ ಪಶ್ಚಿಮ ಜರ್ಮನಿಯವರೂ ಬಿಡಲಿಲ್ಲ. ಆ ಫೈನಲಿನಲ್ಲಿ ಮರಡೋನ ಒಂದೂ ಗೋಲು ಹೊಡೆದಿಲ್ಲ. ಎರಡು ಎರಡು ಸಮ ಇದ್ದಾಗ, ಕೊನೆಯ ಹತ್ತು ನಿಮಿಷದೊಳಗೆ, ಸುತ್ತ ಜರ್ಮನಿಯವರು ಮುತ್ತಿಕೊಂಡಿರುವಾಗ ಅವನು ಚೆಂಡನ್ನು ಒಂದೇ ಮುಟ್ಟಿಗೆ ಬುರುಚಾಗನ ಮುಂದಕ್ಕೆ ಬಿಟ್ಟ. ಅವನ ಮುಂದೆ ಖಾಲಿ ಮೈದಾನ. ಮೂರು ಎರಡು.

ಅವಳು ಪೂರ್ತಿ ನೋಡಿ, "ಅವನು ಮರಡೋನ ಸಾ, ಅವನಪ್ಪ ಕೇಳಲ್ಲ" ಅಂದಳು. ಆದರೆ ಮರುದಿನ ಬಂದು ಅಭ್ಯಾಸ ಮಾಡಿದಳು.

2024ರ ಫೆಬ್ರವರಿಯಲ್ಲಿ ಕಲ್ಯಾಣದುರ್ಗದವರು ಹಿಂದೂಪುರಕ್ಕೆ ಬಂದರು. ಎರಡು ಊರೂ ಮೊದಲು ಒಂದೇ ಜಿಲ್ಲೆ. 2022ರ ಏಪ್ರಿಲಿನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಹಾಗಾಗಿ ಇದು ಜಿಲ್ಲೆ ಜಿಲ್ಲೆಯ ಆಟ ಅಂತ ನಮ್ಮ ಮಕ್ಕಳು ದೊಡ್ಡದು ಮಾಡಿಕೊಂಡಿದ್ದರು. ಅಪ್ಪ ಬಂದರು, ಕಾಂಪೌಂಡ್ ಗೋಡೆಯ ಮೇಲೆ ಕೂತರು.

ಅದೇ ಇಬ್ಬರು ಬಂದು ಅಂಟಿಕೊಂಡರು, ಪಾವಗಡದ ತಾಯಿಯ ಮಗಳು ಹಿಂದೆ. ಮೊದಲ ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಒಂಬತ್ತನೇ ನಂಬರು ಸುಮ್ಮನೆ ನಡೆದಾಡಿದಳು, ಒಂದು ಸಲ ನಿಂತು ಲೇಸು ಕಟ್ಟಿಕೊಂಡಳು. ನೋಡುವವರಿಗೆ ಸೋಮಾರಿ ಅನ್ನಿಸಬೇಕು. ಆದರೆ ಕುತ್ತಿಗೆ ಮಾತ್ರ ಆ ಕಡೆ ಈ ಕಡೆ ಆಡುತ್ತಲೇ ಇತ್ತು.

ಆಮೇಲೆ ಬಲಗಡೆಯ ಗೆರೆಯಲ್ಲಿ ನಮಗೆ ಒಂದು ಥ್ರೋ ಸಿಕ್ಕಿತು. ಇಲ್ಲಿ ನಿಯಮದ ಒಂದು ಮಾತು ಹೇಳಬೇಕು. ನಮ್ಮವಳು ಎದುರಾಳಿಗಳ ಅಂಗಳದಲ್ಲಿ ಚೆಂಡಿಗಿಂತ ಮುಂದೆ ಇದ್ದು, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವಳನ್ನೂ ದಾಟಿ ನಿಂತಿರುವಾಗ ಚೆಂಡು ಕೊಟ್ಟರೆ ಆಫ್‌ಸೈಡ್. 1925ಕ್ಕೆ ಮುಂಚೆ ಇನ್ನೂ ಕಷ್ಟ, ಕೊನೆಯಿಂದ ಮೂರನೆಯವನ ಲೆಕ್ಕ ಇತ್ತು. ಆದರೆ ಕೈಯಿಂದ ಎಸೆಯುವ ಥ್ರೋದಲ್ಲಿ ಆಫ್‌ಸೈಡೇ ಇಲ್ಲ. ಎಷ್ಟೋ ಶಾಲೆಗಳ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ, ಮೇಷ್ಟ್ರುಗಳಿಗೂ ಗೊತ್ತಿರುವುದಿಲ್ಲ, ನಮಗೇ ಗೊತ್ತಿದ್ದದ್ದು ಆ ಜನವರಿಯಿಂದ.

ಎಸೆಯುವವಳು ಚೆಂಡು ಎತ್ತಿದಳು. ಒಂಬತ್ತನೇ ನಂಬರು ಸೊಂಟದ ಹತ್ತಿರ ಬೆರಳು ತೋರಿಸಿ ಗೋಲಿನ ಕಡೆ ಎರಡು ಹೆಜ್ಜೆ ಹೊರಟು, ಒಮ್ಮೆಲೇ ತಿರುಗಿ ಎಸೆಯುವವಳ ಕಡೆಗೇ ಜೋರಾಗಿ ಓಡಿ ಬಂದಳು, ಅಂಗೈ ಕೆಳಗೆ ಮಾಡಿಕೊಂಡು. ಕಾವಲಿನ ಇಬ್ಬರೂ ಹಿಂದೆಯೇ ಬಂದರು, ಬಾರದೆ ಇರಲು ಆಗುವುದಿಲ್ಲ. ಅವರು ಬಿಟ್ಟು ಬಂದ ಜಾಗಕ್ಕೆ ಹದಿನಾಲ್ಕನೇ ನಂಬರು ಹೋಗಿ ನಿಂತಿದ್ದಳು. ಚೆಂಡು ಮೂವರ ತಲೆಯ ಮೇಲೆ ಹೋಗಿ ಅವಳ ಮುಂದೆ ಬಿತ್ತು. ಅವಳು ಒದ್ದದ್ದು ಏನೂ ದೊಡ್ಡ ಒದೆತವಲ್ಲ, ಗೋಲ್‌ಕೀಪರಿನ ಕೈಗೆ ತಗುಲಿ, ಕೈ ಜಾರಿ, ನಿಧಾನವಾಗಿ ಉರುಳಿ ಗೆರೆ ದಾಟಿತು.

"ಆಫ್‌ಸೈಡ್ ಸಾರ್!" ಅಂತ ಕಲ್ಯಾಣದುರ್ಗದ ಮಕ್ಕಳೆಲ್ಲ ಕೈ ಎತ್ತಿದರು. ಸೀಟಿ ಇದ್ದದ್ದು ಅವರದೇ ಶಾಲೆಯ ಪಿ.ಟಿ. ಮೇಷ್ಟ್ರ ಕೈಯಲ್ಲಿ. ಅವರು ಒಂದು ಕ್ಷಣವೂ ಯೋಚಿಸದೆ ನಡುವಿನ ಕಡೆ ಕೈ ತೋರಿಸಿ, "ಥ್ರೋಲೋ ಆಫ್‌ಸೈಡ್ ಲೇದಮ್ಮಾ" ಅಂದರು. ಅಂಥ ಮೇಷ್ಟ್ರುಗಳು ಇರುವುದರಿಂದಲೇ ಮಕ್ಕಳನ್ನು ನೂರು ಕಿಲೋಮೀಟರು ಕರೆದುಕೊಂಡು ಹೋಗಲು ಮನಸ್ಸು ಬರುತ್ತದೆ.

ದ್ವಿತೀಯಾರ್ಧದಲ್ಲಿ ಅವರು ಕಾವಲು ಬದಲಿಸಿದರು. ಒಬ್ಬಳು ಹದಿನಾಲ್ಕಕ್ಕೆ ಹೋದಳು, ಒಂಬತ್ತಕ್ಕೆ ಒಬ್ಬಳೇ ಉಳಿದಳು. ಆಗ ಅವಳು ಒಂದು ಸಲ "ಹೋದಂಗೆ ಮಾಡಿ ಬಾ" ಮಾಡಿ ತಪ್ಪಿಸಿಕೊಂಡು ಹೊಡೆದಳು. ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಹೊರಗೆ ಹೋಯಿತು. ಆ ಸದ್ದು ನಮಗೆ ಇನ್ನೂ ಕಿವಿಯಲ್ಲಿದೆ. ಕೊನೆಗೆ ಕಲ್ಯಾಣದುರ್ಗದವರು ಒಂದು ಕಾರ್ನರಿನಲ್ಲಿ ಗೋಲು ಮಾಡಿದರು, ಅದೂ ನಮ್ಮ ಇಬ್ಬರು ಹುಡುಗಿಯರು ನೀನು ನಾನು ಅಂತ ನಿಂತಿದ್ದ ಸಂದಿಯಿಂದಲೇ! ಒಂದು ಒಂದು ಸಮ.

ಹದಿಮೂರನೇ ನಂಬರು ಗೀಟು ತೋರಿಸಿದಳು. ಒಂಬತ್ತನೇ ನಂಬರು ಈ ಸಲ ಚೆಂಡು ಮುಟ್ಟಿದ್ದು ಹನ್ನೊಂದು ಸಲ. ನಮಗೆ ಎದೆ ಡವಗುಟ್ಟುತ್ತಿತ್ತು. ಅಪ್ಪ ಗೋಡೆಯಿಂದ ಇಳಿದು, ಪಂಚೆ ಕೊಡವಿಕೊಂಡು ಬಂದರು. ಮಗಳ ಹತ್ತಿರ ಏನೂ ಮಾತಾಡಲಿಲ್ಲ. ಹದಿನಾಲ್ಕನೇ ನಂಬರಿನ ಹುಡುಗಿಯನ್ನು ಕರೆದು, "ಯಾರ ಮಗಳಮ್ಮಾ ನೀನು?" ಅಂತ ಕೇಳಿದರು. ಅವಳು ಹೇಳಿದಳು. ಆಮೇಲೆ ನಮ್ಮ ಕಡೆ ತಿರುಗಿ, "ಆ ಹುಲಿ ಆ ಕಡೆ ಓಡಿದ್ದು ಬೇಕಂತಲೇ ಅಲ್ವಾ ಸಾಮಿ?" ಅಂದರು. ಹೌದು ಅಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಬೀಡಿ ಹಚ್ಚಿದರು. ಮಕ್ಕಳು ನೋಡುತ್ತಿದ್ದಾರೆ ಅಂತ ನೆನಪಾಗಿ ಆರಿಸಿದರು.

"ಪರೀಕ್ಷೆ ಆದಮೇಲೆ ಮತ್ತೆ ಕಲ್ಯಾಣದುರ್ಗಕ್ಕೆ ಹೋಗೋದಿದ್ರೆ ಮುಂಚೇನೇ ಹೇಳಿ, ಆವತ್ತು ಕೂಲಿಗೆ ಒಪ್ಪಿಕೊಳ್ಳಲ್ಲ" ಎಂದರು.